ಬಿನೌಲಾ ಬಂದ್

ನನಗೆ ಉರ್ದು ಬರುತ್ತದೆ ಎಂಬುದರಲ್ಲಿ ನಮ್ಮ ಊರಿನ ಯಾರಿಗೂ ಸಂಶಯವಿರಲಿಲ್ಲ. ಸಂಶಯಪಡಬೇಕೆಂದರೆ ಅವರಿಗೂ ಒಂದಿಷ್ಟು ಬರಬೇಕಿತ್ತಲ್ಲ! ಯಲಬುರ್ಗಾದಿಂದ ಚಕ್ಕಡಿಯಲ್ಲಿ ಎರಡು ತಾಸಿನ ಹಾದಿ ನಮ್ಮದು, ಎರೆಹೊಲದ ಊರು. ಜೋಳ, ಹತ್ತಿ, ಕಡಲೆ ಬಿಟ್ಟರೆ ಬೇರೆ ವಿದ್ಯೆ ಅಲ್ಲಿ ಬೆಳೆಯುತ್ತಿರಲಿಲ್ಲ. ನಿಜಾಮರ ಆಳ್ವಿಕೆ, ಸರ್ಕಾರದ ಕಾಗದವೆಂದರೆ ಉರ್ದು, ಸಾಹೇಬರ ಬೈಗುಳವೆಂದರೂ ಉರ್ದು. ನಾನು ಕೊಪ್ಪಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೆಯ ಜಮಾತಿನವರೆಗೆ ಸಾಲೆ ಕಲಿತು ಬಂದಿದ್ದೆ. ಏಳನೆಯದರಲ್ಲಿ ಎರಡು ಸಲ ಕೂತದ್ದನ್ನು ಊರಿಗೆ ಹೇಳಿರಲಿಲ್ಲ. ಹೆಚ್ಚು ವರ್ಷ ಓದಿದವನು ಹೆಚ್ಚು ಕಲಿತವನು ಎಂದು ಅವರೇ ತಿಳಿದುಕೊಂಡಿದ್ದರು, ನಾನ್ಯಾಕೆ ಬೇಡ ಅನ್ನಲಿ?

ಆಗ ನನಗೆ ಇಪ್ಪತ್ತು ವರ್ಷ. ತಲೆಗೆ ಕರಿ ಟೊಪ್ಪಿಗೆ, ಮೈಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಉದ್ದ ಕೋಟು. ಏಪ್ರಿಲ್ ಬಿಸಿಲಿನಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಹೊಲಕ್ಕೆ ಬಾ ಎಂದು ಅಣ್ಣ ಕರೆದರೆ "ನನಗ ಕಾಗದ ಓದೂದೈತಿ" ಅನ್ನುತ್ತಿದ್ದೆ. ಓದಬೇಕಾದ ಕಾಗದ ಊರಿಗೆ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಶೇರು, ಅಂದರೆ ಉರ್ದುವಿನ ಎರಡು ಸಾಲಿನ ಪದ್ಯ, ಹೇಳುವುದು. ಪ್ರತಿಯೊಂದರಲ್ಲೂ ದಿಲ್ ಇರಲೇಬೇಕು. ದಿಲ್ ಒಡೆಯಿತು, ದಿಲ್ ಸುಟ್ಟಿತು, ದಿಲ್ ಯಾರದೋ ಬಾಗಿಲಲ್ಲಿ ಬಿತ್ತು. ನನ್ನ ಸ್ವಂತ ದಿಲ್‌ಗೆ ಅಲ್ಲಿಯವರೆಗೆ ಏನೂ ಆಗಿರಲಿಲ್ಲ. ಹೊಟ್ಟೆಗೂ ಏನೂ ಆಗಿರಲಿಲ್ಲ, ಅಣ್ಣ ದುಡಿದು ಹಾಕುತ್ತಿದ್ದ.

ಮನೆಯಲ್ಲಿ ಅವ್ವ, ಅಣ್ಣ, ವೈನಿ, ನಾನು, ಇಷ್ಟೇ ಜನ. ವೈನಿ ಅಂದರೆ ಅಣ್ಣನ ಹೆಂಡತಿ, ಅಳವಂಡಿಯ ಮಗಳು. ನನ್ನ ಕೋಟು ಟೊಪ್ಪಿಗೆ ನೋಡಿ ಅವರು ನನಗೆ "ಮುನ್ಶಿ ಸಾಹೇಬ್ರು" ಎಂದು ಹೆಸರಿಟ್ಟಿದ್ದರು. "ಮುನ್ಶಿ ಸಾಹೇಬ್ರ, ಶೇರು ಆಗಿದ್ರ ರೊಟ್ಟಿ ತಿನ್ನಾಕ ಬರ್ರಿ, ಪಲ್ಲೆ ಆರಾಕತ್ತೈತಿ" ಎಂದು ಒಳಗಿನಿಂದ ಕೂಗುವರು. ಹಾಸ್ಯ ಮಾಡುತ್ತಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ಆದರೂ ಮುನ್ಶಿ ಎಂಬ ಶಬ್ದ ಕಿವಿಗೆ ಬಿದ್ದರೆ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ನಾನು ಅಷ್ಟರಮಟ್ಟಿಗಿನ ಮಂಗ.

ವೈನಿ ಮದುವೆಯಾಗಿ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವ್ವ ಆಡದಿದ್ದರೂ ಆಡಿದಷ್ಟೇ ಆಗುವಂತೆ ನಿಟ್ಟುಸಿರು ಬಿಡುತ್ತಿದ್ದಳು. ವೈನಿ ಬರುವಾಗ ಅವರ ತಾಯಿ ಒಂದು ಹೆಣ್ಣುಗರುವನ್ನು ಜೊತೆಗೆ ಕಳಿಸಿದ್ದರು. ಮರುವರ್ಷವೇ ಆ ತಾಯಿ ತೀರಿಕೊಂಡರು. ಅಂದಿನಿಂದ ಆ ಕರು ವೈನಿಯ ಬಾಯಲ್ಲಿ "ಅವ್ವನ ಆಕಳಾ" ಆಯಿತು. ಅದು ಬೆಳೆದು, ತಡವಾಗಿ ಬೆದೆಗೆ ಬಂದು, ಅಂತೂ ಗಬ್ಬವಾದ ದಿನ ವೈನಿ ಓಣಿಗೆಲ್ಲ ಸಕ್ಕರೆ ಹಂಚಿದರು. ಅವ್ವ ನಿಟ್ಟುಸಿರು ಬಿಟ್ಟಳು.

ಚೊಚ್ಚಲ ಹೆರಿಗೆ, ಕರು ದೊಡ್ಡದು. ಬೆಳಗ್ಗೆ ಶುರುವಾದ ನೋವು ಹೊತ್ತೇರಿದರೂ ಮುಗಿಯಲಿಲ್ಲ. ಕೊನೆಗೆ ಕರುವಿನ ಮುಂಗಾಲಿಗೆ ಹಗ್ಗ ಹಾಕಿ ನಾಲ್ಕು ಜನ ಎಳೆದರು. ನಾನು ಐದನೆಯವನು, ದೂರ ನಿಂತು "ಆಹಿಸ್ತಾ, ಆಹಿಸ್ತಾ" ಅನ್ನುತ್ತಿದ್ದೆ. ಆಹಿಸ್ತಾ ಅಂದರೆ ಮೆಲ್ಲಗೆ ಎಂದು ಎಳೆಯುವವರಿಗೆ ಗೊತ್ತಿರಲಿಲ್ಲ, ಅವರು ಇನ್ನೂ ಜೋರಾಗಿ ಎಳೆದರು. ಹೆಣ್ಣುಗರು ಬಂತು, ಕೆಂಪು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕಿ. ಕರು ಎದ್ದು ನಿಂತಿತು, ತಾಯಿ ನಿಲ್ಲಲಿಲ್ಲ. ಎಳೆದ ಎಳೆತಕ್ಕೆ ತೊಡೆಯ ಒಳಗಿನ ನರ ಜಜ್ಜಿಹೋಗಿ ಹಿಂಗಾಲೆರಡೂ ಕತ್ತರಿಯಂತೆ ಅಗಲವಾಗಿ ಜಾರುತ್ತಿದ್ದವು.

ಅಣ್ಣ, ಮತ್ತೆ ಓಣಿಯ ಗಂಡಸರು ದಿನಕ್ಕೆ ಎರಡು ಸಲ ಹೊಟ್ಟೆಯ ಕೆಳಗೆ ಗೋಣಿತಟ್ಟು ಹಾಕಿ ಆಕಳನ್ನು ಎತ್ತಿ ನಿಲ್ಲಿಸುತ್ತಿದ್ದರು. ಎರಡು ವಾರದ ಮೇಲೆ ಅದು ಎತ್ತಿದರೆ ನಿಲ್ಲುವಂತಾಯಿತು, ತಾನಾಗಿ ಏಳುತ್ತಿರಲಿಲ್ಲ. ನಿಂತಷ್ಟು ಹೊತ್ತು ಕರು ಕುಡಿಯಬೇಕು. ಹೊಟ್ಟೆ ತುಂಬುವಷ್ಟು ಹಾಲು ಸಿಗುತ್ತಿರಲಿಲ್ಲ. ಅದಕ್ಕೆ ವೈನಿ ಹತ್ತಿಕಾಳು ತಂದರು. ನಮ್ಮ ಕಡೆ ಹಿಂಡುವ ದನಕ್ಕೆ ಹತ್ತಿಕಾಳು ಇಡದ ಮನೆಯೇ ಇಲ್ಲ. ಹತ್ತಿಕಾಳು ತಿಂದ ಎಮ್ಮೆಯ ಹಾಲಿನಲ್ಲಿ ಬೆಣ್ಣೆ ಜಾಸ್ತಿ ಎಂದು ಎಲ್ಲರಿಗೂ ಗೊತ್ತು. ದೊಡ್ಡ ದನಕ್ಕೆ ಒಳ್ಳೆಯದಾದದ್ದು ಕರುವಿಗೆ ಇನ್ನೂ ಒಳ್ಳೆಯದಲ್ಲವೇ? ವೈನಿ ಅದನ್ನು ನೆನೆಹಾಕಿ, ಒಳ್ಳಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬಿಳಿ ಹಾಲು ತೆಗೆದು, ಹಿತ್ತಾಳೆ ಬಟ್ಟಲಲ್ಲಿ ತಾವೇ ಬೆರಳು ಚೀಪಿಸಿ ಕರುವಿಗೆ ಕುಡಿಸುತ್ತಿದ್ದರು. ಕರು ಒಂದು ತಿಂಗಳು ಮಿರಿಮಿರಿ ಮಿಂಚಿತು. ಆಮೇಲೆ ತೇಕತೊಡಗಿತು. ನಾಲ್ಕು ಹೆಜ್ಜೆ ಓಡಿದರೆ ನಿಂತು ಬಾಯಿ ತೆರೆದು ಉಸಿರು ಬಿಡುವುದು.

ಅದೇ ಹೊತ್ತಿಗೆ ದನಗಳಿಗೆ ದೊಡ್ಡಬೇನೆಯ ಸೂಜಿ ಹಾಕಲು ಸರ್ಕಾರದ ದನದ ಡಾಕ್ಟರ್ ಊರಿಗೆ ಬಂದರು. ಉತ್ತರ ಹಿಂದೂಸ್ತಾನದ ಕಡೆಯವರು, ಹೊಸದಾಗಿ ಬಂದವರು, ಕನ್ನಡದ ಒಂದಕ್ಷರ ಬಾರದು. ಅಣ್ಣ ಚಾವಡಿಗೆ ಹೋಗಿ ಕೈಮುಗಿದು ಮನೆಗೆ ಕರೆತಂದ. ಅವರ ಹಿಂದೆ ಅರ್ಧ ಊರು ಬಂತು. ಅಣ್ಣ ನನ್ನ ಕಡೆ ತಿರುಗಿ, "ಇವತ್ತರ ನಿನ್ನ ಸಾಲಿ ಉಪಯೋಗಕ್ಕ ಬರ್ಲಿ" ಎಂದ. ಕೋಟಿನ ಮೇಲಿನ ಗುಂಡಿ ಬಿಚ್ಚಿತ್ತು, ಹಾಕಿಕೊಂಡೆ.

ಡಾಕ್ಟರ್ ಆಕಳ ತೊಡೆ ಒತ್ತಿ, ಬಾಲ ಎತ್ತಿ, ಗೊರಸು ಚುಚ್ಚಿ ನೋಡಿದರು. "ನಸ್ ದಬ್ ಗಯೀ ಹೈ" ಎಂದರು. ನರ ಒತ್ತಿ ಹೋಗಿದೆ, ದಿನಾ ತಿಕ್ಕಿ, ಜಾರುವ ನೆಲದ ಮೇಲೆ ಮಣ್ಣು ಹಾಕಿ, ಮೆಲ್ಲಗೆ ಸರಿಹೋಗುತ್ತದೆ. ಇಷ್ಟನ್ನೂ ನಾನು ತಪ್ಪಿಲ್ಲದೆ ಹೇಳಿದೆ. ಜನ ಹೌದಹೌದು ಎಂದು ಗೋಣು ಹಾಕಿದರು. ಯಾರೋ "ಭಾಳ ಛಲೋ ಹೇಳ್ತಾನ್ರಿ" ಅಂದರು. ಅಲ್ಲಿಗೇ ನನ್ನ ತಲೆ ತಿರುಗಿರಬೇಕು.

ಆಮೇಲೆ ಡಾಕ್ಟರ್ ಕರುವಿನ ಹತ್ತಿರ ಕೂತರು. ಕಿವಿಗೆ ನಳಿಗೆ ಹಾಕಿಕೊಂಡು ಅದರ ಎದೆಗೆ ಇಟ್ಟು ಬಹಳ ಹೊತ್ತು ಕೇಳಿದರು. ಎದ್ದು ನಿಂತು ಒಂದೇ ಉಸಿರಿಗೆ ಮೂರು ಮಾತು ಹೇಳಿದರು: "ಇಸ್ ಕಾ ದಿಲ್ ಕಮಜೋರ್ ಹೈ. ದೌಡಾನಾ ಮತ್. ಬಿನೌಲಾ ಬಿಲ್ಕುಲ್ ಬಂದ್." ಹೇಳುತ್ತ ಗೋದಲಿಯ ಕಡೆ ಕೈ ತೋರಿಸಿದರು. ಇನ್ನೂ ಮೂರು ಊರು ತಿರುಗುವುದಿತ್ತು, ಕುದುರೆ ಹತ್ತಿ ಹೋಗಿಯೇ ಬಿಟ್ಟರು.

ಎಲ್ಲರ ಕಣ್ಣೂ ನನ್ನ ಮೇಲೆ. ದೌಡಾನಾ ಮತ್ ಅಂದರೆ ಓಡಿಸಬೇಡಿ, ಅದು ಸುಲಭ. ದಿಲ್ ಕಮಜೋರ್? ದಿಲ್ ನನ್ನ ಹಳೆಯ ಪರಿಚಯ. ಎದೆಯೊಳಗೆ ರಕ್ತ ತಳ್ಳುವ ಒಂದು ಮಾಂಸದ ಮುದ್ದೆಗೂ ಅದೇ ಹೆಸರು ಎಂಬುದು ಶೇರು ಹೇಳುವವನ ನೆನಪಿಗೆ ಹೇಗೆ ಬರಬೇಕು? ದಿಲ್ ಎಂದರೆ ಪ್ರೀತಿ, ವಿರಹ, ಮನಸ್ಸು. ಆದ್ದರಿಂದ ಕರುವಿನ ಮನಸ್ಸು ಮೆತ್ತಗಾಗಿದೆ. ಉಳಿದದ್ದು ಬಿನೌಲಾ. ಆ ಶಬ್ದವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೊಪ್ಪಳದ ಸಾಬರ ಮನೆಗಳಲ್ಲೂ ಯಾರೂ ಆಡುತ್ತಿರಲಿಲ್ಲ. "ಗೊತ್ತಿಲ್ಲ" ಎಂಬ ಒಂದು ಮಾತು ಅಂದಿದ್ದರೆ ಅಣ್ಣ ಡಾಕ್ಟರ ಕುದುರೆಯ ಹಿಂದೆ ಓಡುತ್ತಿದ್ದ, ಕುದುರೆ ಇನ್ನೂ ಊರ ಬಾಗಿಲ ಅಗಸಿ ದಾಟಿರಲಿಲ್ಲ. ಆದರೆ ಅರ್ಧ ಊರಿನ ಮುಂದೆ ಮುನ್ಶಿಗೆ ಗೊತ್ತಿಲ್ಲ ಅಂದರೆ ಹೇಗೆ! ಬಿನೌಲಾ, ಬಿನೌಲಾ ಎಂದು ಒಳಗೊಳಗೇ ತಿರುವಿದೆ. ಬಿನಾ ಅಂದರೆ ಇಲ್ಲದೆ. ಔಲಾ... ಔಲಾದ್! ಔಲಾದ್ ಅಂದರೆ ಮಕ್ಕಳು. ಡಾಕ್ಟರು ಅವಸರದಲ್ಲಿ ಕೊನೆಯಕ್ಷರ ನುಂಗಿದ್ದಾರೆ. ಬಿನಾ ಔಲಾದ್, ಬಂದ್. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

"ಕರಾ ತಾಯೀನ ಭಾಳ ಹಚ್ಚಿಕೊಂಡೈತಂತ. ಅದಕ್ಕ ಮನಸ ಸೊರಗೇತಿ" ಎಂದೆ. "ಇನ್ನ ಮ್ಯಾಲೆ ತಾಯಿ ಹತ್ರ ಬಿಡಬಾರ್ದಂತ. ಬ್ಯಾರೆ ಕಟ್ಟಬೇಕಂತ. ಆಕಳು ಬಿನಾ ಔಲಾದ್ ಇರಬೇಕಂತ."

"ಹಂಗಂದ್ರೇನೋ?" ಎಂದು ಅವ್ವ ಕೇಳಿದಳು.

"ಮಕ್ಕಳಿಲ್ದಂಗ. ಬಂಜಿ ಇದ್ದಂಗ" ಎಂದೆ. ದೊಡ್ಡ ದನಿಯಲ್ಲಿ ಹೇಳಿದೆ, ಹಿಂದೆ ನಿಂತವರಿಗೂ ಕೇಳಬೇಕಲ್ಲ.

ಅವ್ವ ವೈನಿಯ ಕಡೆ ನೋಡಿದಳು. ಅವ್ವ ನೋಡಿದ್ದಕ್ಕೆ ಉಳಿದ ಹೆಂಗಸರೂ ನೋಡಿದರು. ವೈನಿ ಗೋದಲಿಯ ಪಕ್ಕ ಹಿತ್ತಾಳೆ ಬಟ್ಟಲು ಹಿಡಿದು ನಿಂತಿದ್ದರು. ಜನ ಕರಗಿದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದರು.

"ಮೈದುನಾರ, ಡಾಕ್ಟರ್ ಕೈ ತೋರ್ಸಿದ್ದು ಆಕಳಿಗಲ್ರಿ. ಈ ಬಟ್ಟಲಕ್ಕ ತೋರ್ಸಿದಂಗಿತ್ತು. ನಾ ನೋಡೇನಿ."

"ವೈನಿ, ಮಾತು ತಿಳೀದವ್ರು ಕೈ ನೋಡ್ತಾರ. ನನಗ ಮಾತು ತಿಳಿತೈತಿ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ವೈನಿ ಅಷ್ಟಕ್ಕೆ ಬಿಡುವವರಲ್ಲ, ನನ್ನ ಟೊಪ್ಪಿಗೆ ಹಾರಿಸಿಬಿಡುತ್ತಿದ್ದರು. ಆ ದಿನ ಸುಮ್ಮನೆ ಒಳಗೆ ಹೋದರು. ನನ್ನ ಉರ್ದುವಿಗೆ ಸೋತರು ಎಂದುಕೊಂಡೆ. ಇಂಥ ಮೂಢ ಹೈದರಾಬಾದಿನ ತನಕ ಹುಡುಕಿದರೂ ಸಿಗುತ್ತಿರಲಿಲ್ಲ.

ಕರುವನ್ನು ಹಿತ್ತಲ ಕಡೆಯ ಹೊಸ ಗೂಟಕ್ಕೆ ಕಟ್ಟಿದೆವು. ಕರು ಎದುರಿಗಿಲ್ಲದೆ ಆಕಳು ಹಾಲು ಇಳಿಸಲಿಲ್ಲ, ತಾಯಿಯ ಹಾಲು ಪೂರ್ತಿ ತಪ್ಪಿತು. ಹಾಗಾಗಿ ಹತ್ತಿಕಾಳಿನ ಹಾಲು ಎರಡು ಹೊತ್ತಿಗೆ ಇದ್ದದ್ದು ನಾಲ್ಕು ಹೊತ್ತಿಗೆ ಆಯಿತು. ವೈನಿ ಮುಂಜಾನೆ ರುಬ್ಬುತ್ತಿದ್ದರು, ಮಧ್ಯಾಹ್ನ ರುಬ್ಬುತ್ತಿದ್ದರು. ಅಂಗೈಯಲ್ಲಿ ಬೊಕ್ಕೆ ಬಂತು. ಈ ಕಡೆಯಿಂದ ಆಕಳು ಕೂಗುವುದು, ಆ ಕಡೆಯಿಂದ ಕರು ಕೂಗುವುದು. ನಾನು ಕಟ್ಟೆಯ ಮೇಲೆ ಕೂತು, "ಹಿಂಗs ಮನಸ ಗಟ್ಟಿ ಆಗಬೇಕು" ಎಂದು ಹೋಗಿಬರುವವರಿಗೆ ವಿವರಿಸುತ್ತಿದ್ದೆ.

ನಾನು ಹೇಳಿದ ಇನ್ನೊಂದು ಮಾತು ಅಷ್ಟರಲ್ಲಿ ಬಾವಿಗೆ ಮುಟ್ಟಿತ್ತು. ನಮ್ಮ ಊರಲ್ಲಿ ಯಾವ ಮಾತೂ ಬಾವಿಕಟ್ಟೆಗೆ ಹೋದ ಮೇಲೆ ಹೋದ ಹಾಗೆ ಬರುವುದಿಲ್ಲ. ಸರ್ಕಾರದ ದೊಡ್ಡ ಡಾಕ್ಟರ್ ಬಂದು, ಗೋದಲಿಯ ಹತ್ತಿರ ನಿಂತ ಸೊಸೆಗೆ ಕೈ ತೋರಿಸಿ, ಬಂಜಿ ಅಂದು ಹೋದರು ಎಂದು ಅದು ತಿರುಗಿ ಬಂತು. ದನದ ಡಾಕ್ಟರಿಗೆ ಹೆಂಗಸರ ವಿಷಯ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ನಳಿಗೆ ಇತ್ತಲ್ಲ! ಅವ್ವ ಒಂದು ದಿನ ಅಣ್ಣನ ಮುಂದೆ, "ಅಷ್ಟು ದೊಡ್ಡವ್ರ ಬಾಯಾಗ ಬಂತಂದ್ರ ನಾವೂ ಇಚಾರ ಮಾಡಬೇಕಪಾ" ಎಂದು ಶುರುಮಾಡಿದಳು. ಕುಷ್ಟಗಿಯ ಕಡೆ ಒಂದು ಹೆಣ್ಣಿದೆ ಎಂಬ ಮಾತೂ ಬಂತು. ಅಣ್ಣ ಉಣ್ಣುವುದನ್ನು ಬಿಟ್ಟು ಎದ್ದುಹೋದ. ವೈನಿ ನೀರಿಗೆ ಹೋಗುವ ಹೊತ್ತು ಬದಲಾಯಿತು, ಬಿಸಿಲು ಏರಿ ಬಾವಿಯ ಹತ್ತಿರ ಯಾರೂ ಇಲ್ಲದ ಹೊತ್ತಿಗೆ ಹೋಗತೊಡಗಿದರು. ನನ್ನನ್ನು ಮುನ್ಶಿ ಎಂದು ಕರೆಯುವುದು ನಿಂತಿತು. ನಾನು ಇದನ್ನೆಲ್ಲ ಕಂಡೆ. ಡಾಕ್ಟರು ಆಕಳ ವಿಷಯ ಹೇಳಿದ್ದು, ನಿಮ್ಮ ವಿಷಯವಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಆ ಮಾತು ಎತ್ತುವುದೇ ಸರಿಯಲ್ಲ ಎಂದು ಮುಚ್ಚಿಕೊಂಡೆ. ಬೇಡವಾದ ಕಡೆ ಗಂಟಲು ಹರಿಯುವಂತೆ ಒದರಿದವನಿಗೆ ಬೇಕಾದ ಕಡೆ ಸಂಕೋಚ.

ತಿಂಗಳ ಮೇಲೆ ಅಣ್ಣ ಹತ್ತಿ ತುಂಬಿದ ಬಂಡಿಯನ್ನು ಕೊಪ್ಪಳದ ಗಿರಣಿಗೆ ಹೊಡೆದ. ಅಲ್ಲಿ ಹತ್ತಿಯಿಂದ ಕಾಳು ಬಿಡಿಸುತ್ತಾರೆ. ಚೀಟಿ ಓದುವುದಕ್ಕೆ ನಾನು ಜೊತೆ. ಗಿರಣಿಯ ಅಂಗಳದಲ್ಲಿ ಕಂಡ ಕಂಡ ಉರ್ದು ಬೋರ್ಡನ್ನೆಲ್ಲ ಅಣ್ಣ ಕೇಳದಿದ್ದರೂ ಜೋರಾಗಿ ಓದುತ್ತ ನಡೆದೆ. ಬೀಡಿ ಸೇದಬಾರದು. ಎತ್ತು ಬಿಡಬಾರದು. ಮೂಲೆಯಲ್ಲಿ ತಗಡಿನ ಒಂದು ದೊಡ್ಡ ಗೋದಾಮು, ಅದರ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿತ್ತು. ಅಕ್ಷರ ಕೂಡಿಸಿ ಓದಿದೆ: "ಬಿನೌಲಾ ಗೋದಾಮ್."

ಬಾಗಿಲು ತೆರೆದಿತ್ತು. ಒಳಗೆ ಮಾಳಿಗೆಯ ಎತ್ತರ ಹತ್ತಿಕಾಳು ರಾಶಿ ಬಿದ್ದಿತ್ತು. ಬೇರೆ ಏನೂ ಇರಲಿಲ್ಲ.

"ಅದೇನಂತೋ?" ಎಂದು ಅಣ್ಣ ಕೇಳಿದ.

"ಒಳಗ ಬರಬಾರ್ದಂತ" ಎಂದೆ.

ಅದೇ ಹೊತ್ತಿಗೆ ಇಬ್ಬರು ಹಮಾಲರು ಒಳಗಿನಿಂದ ಚೀಲ ಹೊತ್ತುಕೊಂಡು ಬಂದರು. ಅಣ್ಣ ಅವರನ್ನು ನೋಡಿದ, ನನ್ನನ್ನು ನೋಡಿದ, ಬಂಡಿಯ ಕಡೆ ತಿರುಗಿದ. ನನ್ನ ಕೋಟಿನೊಳಗೆ ಬೆವರು ಹರಿದು ಸೊಂಟಕ್ಕೆ ಇಳಿಯಿತು. ಬಿನೌಲಾ ಬಿಲ್ಕುಲ್ ಬಂದ್. ಹತ್ತಿಕಾಳು ಪೂರ್ತಿ ನಿಲ್ಲಿಸಿ. ನಾನು ಅದನ್ನು ದುಪ್ಪಟ್ಟು ಮಾಡಿಸಿದ್ದೆ.

ಹತ್ತಿಕಾಳು ಯಾಕೆ ಬೇಡ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಬಹಳ ವರ್ಷಗಳ ಮೇಲೆ ಗಂಗಾವತಿಯ ಹತ್ತಿರ ಮರಳಿಯಲ್ಲಿ ಮಗಳ ಮನೆಗೆ ಹೋದಾಗ ಅಲ್ಲಿಯ ದನದ ಡಾಕ್ಟರೊಬ್ಬರು ಹೇಳಿದರು. ಪುಣ್ಯಕ್ಕೆ ಕನ್ನಡದಲ್ಲೇ ಹೇಳಿದರು. ಹತ್ತಿಕಾಳಿನಲ್ಲಿ ಒಂದು ಬಗೆಯ ವಿಷವಿದೆ. ದೊಡ್ಡ ದನದ ಮೆಲುಕು ಹಾಕುವ ಹೊಟ್ಟೆ ಅದನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ. ಎಳೆಗರುವಿಗೆ ಆ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ವಿಷ ನೇರ ಹೋಗಿ ಹೃದಯದ ಮಾಂಸವನ್ನೇ ಕೆಡಿಸುತ್ತದೆ. ಮೇಲಿನಿಂದ ಮೈ ಹೊಳೆಯುತ್ತಿರುತ್ತದೆ, ಒಳಗೆ ಹೃದಯ ಹಿಗ್ಗಿ ಸಡಿಲಾಗಿರುತ್ತದೆ. ಓಡಿಸಿದರೆ ನಿಂತುಹೋಗುತ್ತದೆ. ಅವರು ಹೇಳುತ್ತಿದ್ದರೆ ನಾನು ಚಹಾದ ಬಸಿ ಕೆಳಗಿಟ್ಟೆ.

ಗಿರಣಿಯಿಂದ ಮನೆಗೆ ಬಂದು ಇಳಿದ ತಕ್ಷಣ ಹೇಳಬೇಕಿತ್ತು. ಹಾದಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಬಂದೆ. ಹಿತ್ತಲಿಗೆ ಹೋಗಿ ನೋಡಿದೆ. ಕರುವಿನ ಗಂಗೆದೊಗಲಿನ ಕೆಳಗೆ ನೀರು ತುಂಬಿದಂತೆ ಬಾವು, ಪಕ್ಕೆ ಏರಿ ಇಳಿಯುತ್ತಿತ್ತು. ವೈನಿ ಬಟ್ಟಲು ಹಿಡಿದು ಕೂತಿದ್ದರು. "ಕುಡೀವಲ್ದು ನೋಡ್ರಿ" ಎಂದರು. ಬಹಳ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. "ಕುಡೀದಿದ್ರ ಬಿಡ್ರಿ, ಇವತ್ತು ಬ್ಯಾಡ" ಎಂದೆ. ಅದಕ್ಕಿಂತ ಹೆಚ್ಚು ಬಾಯಿ ಬರಲಿಲ್ಲ. ಅರ್ಧ ಊರಿನ ಮುಂದೆ ಹೇಳಿದ್ದನ್ನು ಹೇಗೆ ತಿರುಗಿಸುವುದು? ನನಗೆ ಉರ್ದು ಬರುವುದಿಲ್ಲ ಎಂದು ಗೊತ್ತಾದರೆ ನಾಳೆ ನನ್ನ ಕೈಗೆ ಕುಂಟೆ ಬರುತ್ತದೆ. ನೋಡಿ, ಅಲ್ಲೂ ನನಗೆ ನನ್ನದೇ ಚಿಂತೆ.

ಹಾಗಾಗಿ ಒಂದು ಉಪಾಯ ಮಾಡಿದೆ. ಮರುದಿನ ಬೆಳಗ್ಗೆ ಕೋಟು ಹಾಕಿಕೊಂಡು, "ಯಲಬುರ್ಗಿಗೆ ಹೋಗಿ ಡಾಕ್ಟರಿಗೆ ಇನ್ನೊಮ್ಮೆ ಕೇಳಿಕೊಂಡು ಬರ್ತೇನಿ" ಎಂದು ಹೊರಟೆ. ಡಾಕ್ಟರ್ ಅಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು, ಅವರು ಗಂಗಾವತಿಯ ಕಡೆ ದೌರೆಯ ತಿರುಗಾಟಕ್ಕೆ ಹೋಗಿದ್ದರು. ಬಜಾರದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆ, ಬೇವಿನ ಗಿಡದ ಕೆಳಗೆ ಒಂದು ಗಳಿಗೆ ಒರಗಿದೆ, ಮಧ್ಯಾಹ್ನ ಇಳಿದ ಮೇಲೆ ತಿರುಗಿ ಬಂದೆ. ಸುಳ್ಳಿಗೂ ನಡೆದು ಬಂದ ದಣಿವು ಇರಬೇಕಲ್ಲ, ಮುಖಕ್ಕೆ ಧೂಳು ಹಾಗೆಯೇ ಬಿಟ್ಟುಕೊಂಡಿದ್ದೆ.

"ಡಾಕ್ಟರ್ ಹೊಸಾ ಹುಕುಂ ಕೊಟ್ಟಾರ" ಎಂದು ಅಂಗಳದಿಂದಲೇ ಕೂಗಿದೆ. "ಮನಸ ಗಟ್ಟಿ ಆಗೇತಂತ, ಇನ್ನ ಕರಾ ತಾಯಿಗೆ ಬಿಡಬೇಕಂತ. ಹತ್ತಿಕಾಳು ಪೂರಾ ಬಂದ್!"

ವೈನಿ ಒಳಗಿನಿಂದ ಓಡಿ ಬಂದರು. ಒಂದು ತಿಂಗಳಲ್ಲಿ ಅವರ ಮುಖದ ಮೇಲೆ ನಗು ಕಂಡದ್ದು ಅದೇ ಮೊದಲು. "ಖರೇನ? ಬಿಡಬಹುದ?" ಎಂದರು. "ಅವ್ವನ ಆಕಳಾ" ಎಂದು ಏನೋ ಹೇಳಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ನಗು ನೋಡಿ ನನಗೆ ಉಬ್ಬು ಬಂತು. ಎಲ್ಲವನ್ನೂ ಸರಿಮಾಡಿಬಿಟ್ಟೆ, ಯಾರಿಗೂ ಗೊತ್ತಾಗದಂತೆ ಮಾಡಿದೆ ಎಂಬ ಉಬ್ಬು. "ಸರೀರಿ ವೈನಿ, ನಾನs ಬಿಡ್ತೇನಿ" ಎಂದು ಹಿತ್ತಲಿಗೆ ಹೋಗಿ ಕಣ್ಣಿ ಬಿಚ್ಚಿದೆ.

ಡಾಕ್ಟರ ಮೂರು ಮಾತಿನಲ್ಲಿ ನಾನು ಸರಿಯಾಗಿ ತಿಳಿದುಕೊಂಡದ್ದು ಒಂದೇ ಒಂದು: ದೌಡಾನಾ ಮತ್, ಓಡಿಸಬೇಡಿ. ಅದನ್ನೇ ಮರೆತೆ.

ಆಗಷ್ಟೇ ಎತ್ತಿ ನಿಲ್ಲಿಸಿದ್ದ ತಾಯಿ ಒಂದು ಸಲ ಅಂಬಾ ಅಂದಿತು. ಕರು ನನ್ನ ಕೈಯಿಂದ ಬಿಡಿಸಿಕೊಂಡು ಬಾಲ ಎತ್ತಿ ಹಿತ್ತಲಿಂದ ಅಂಗಳ ದಾಟಿ ಓಡಿತು. ಅಷ್ಟು ಚಂದದ ಓಟವನ್ನು ನಾನು ಮತ್ತೆ ನೋಡಿಲ್ಲ. ತಾಯಿಯ ಕೆಚ್ಚಲಿಗೆ ಮೂತಿ ಇಟ್ಟು ಒಮ್ಮೆ ಗುದ್ದಿತು. ಎರಡನೆಯ ಸಲ ಗುದ್ದಲಿಲ್ಲ. ಮುಂಗಾಲು ಮಡಿಚಿ ಕುಸಿದು ಪಕ್ಕಕ್ಕೆ ಬಿತ್ತು. ವೈನಿ "ಅಯ್ಯಯ್ಯ ನನ್ನವ್ವಾ" ಎಂದು ಓಡಿ ತಲೆ ತೊಡೆಯ ಮೇಲೆ ತೆಗೆದುಕೊಳ್ಳುವಷ್ಟರಲ್ಲಿ ಉಸಿರು ನಿಂತಿತ್ತು. ಆಕಳು ಹಿಂದೆ ತಿರುಗಲು ಹೋಯಿತು, ಹಿಂಗಾಲು ಅಗಲವಾಗಿ ಜಾರಿ ಕೂತುಬಿಟ್ಟಿತು. ಕೂತಲ್ಲಿಂದಲೇ ಕುತ್ತಿಗೆ ಚಾಚಿ ಕರುವಿನ ಹಣೆಯ ಚುಕ್ಕಿಯನ್ನು ನೆಕ್ಕತೊಡಗಿತು. ನನ್ನ ಕೈಯಲ್ಲಿ ಕಣ್ಣಿ ಹಾಗೇ ಇತ್ತು.

ಮೂರು ದಿನ ವೈನಿ ಒಳ್ಳಿನ ಹತ್ತಿರ ಹೋಗಲಿಲ್ಲ. ನಾಲ್ಕನೆಯ ದಿನ ಒಳ್ಳಿನ ಹತ್ತಿರ ಕೂತು ಅದನ್ನು ತೊಳೆಯುತ್ತಿದ್ದರು. ನಾನು ಹೋಗಿ ಎದುರಿಗೆ ಕೂತೆ, ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟೆ. ಎಲ್ಲ ಹೇಳಿದೆ. ಗೋದಾಮಿನ ಬೋರ್ಡು, ಯಲಬುರ್ಗಾದ ಮಂಡಕ್ಕಿ, ಎಲ್ಲ. ಬಿನೌಲಾ ಅಂದರೆ ಹತ್ತಿಕಾಳು, ಡಾಕ್ಟರು ಬಟ್ಟಲಿಗೇ ಕೈ ತೋರಿಸಿದ್ದು, ನೀವು ನೋಡಿದ್ದೇ ಸರಿ, ನಿಮ್ಮ ಕೈಯದು ತಪ್ಪಲ್ಲ, ನನ್ನ ಬಾಯಿಯದು ಎಂದೆ. ಬೈಯುತ್ತಾರೆ, ಅಳುತ್ತಾರೆ, ಅಣ್ಣನನ್ನು ಕರೆಯುತ್ತಾರೆ ಎಂದು ಕಾದೆ. ವೈನಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಹಂಗಾರ ಬಂಜಿ ಅಂದಾವ್ರು ಡಾಕ್ಟರ್ ಅಲ್ಲ."

"ಅಲ್ಲ."

"ನೀವು."

"ಹೌದ್ರಿ."

ಅವರು ಒಳ್ಳಿನ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದರು. ಆಮೇಲೆ, "ನಾಳೆ ಮುಂಜಾನೆ ಬಾವಿಗೆ ಬಂದು ಇದನ್ನ ಹೇಳ್ತೀರೇನು?" ಎಂದರು.

"ಬಾವಿಗ್ಯಾಕ್ರಿ? ನಿಮಗ ಹೇಳಿದ್ನಲ್ಲ. ಅಣ್ಣಗೂ ಹೇಳ್ತೇನಿ, ಅವ್ವಗೂ ಹೇಳ್ತೇನಿ" ಎಂದೆ. ಹೆಂಗಸರ ಮುಂದೆ ಬಾವಿಕಟ್ಟೆಯಲ್ಲಿ ನಿಲ್ಲುವುದನ್ನು ನೆನೆದೇ ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡೆ.

"ಕರಾ ಸತ್ತದ್ದು ನಮ್ಮ ಮನ್ಯಾಗಿನ ಮಾತು" ಎಂದರು ವೈನಿ. "ಬಂಜಿ ಅನ್ನೂ ಮಾತು ಊರಿಗೆಲ್ಲ ಹೋಗೇತಿ."

ಮರುದಿನ ಹೋದೆ. ಕೋಟು ಹಾಕಿರಲಿಲ್ಲ. ಹೆಂಗಸರು ತುಂಬಿದ್ದ ಹೊತ್ತು. ವೈನಿಯೂ ಬಹಳ ದಿನದ ಮೇಲೆ ಅದೇ ಹೊತ್ತಿಗೆ ಕೊಡ ತಂದಿದ್ದರು, ನನ್ನ ಕಡೆ ನೋಡದೆ ಹಗ್ಗ ಬಿಚ್ಚುತ್ತಿದ್ದರು. ನಾನು ಬಾವಿಯ ಹಾದಿಯ ನಡುವೆ ನಿಂತೆ. ಶೇರು ಹೇಳುವಾಗ ಅಷ್ಟು ಸಲೀಸಾಗಿ ಬರುತ್ತಿದ್ದ ದನಿ ಕಪ್ಪೆಯ ದನಿಯಾಯಿತು.

"ಡಾಕ್ಟರ್ ಅವತ್ತು ಅಂದದ್ದು ಬಿನೌಲಾ ಅಂತ. ಬಿನೌಲಾ ಅಂದ್ರ ಹತ್ತಿಕಾಳು. ಹತ್ತಿಕಾಳು ಹಾಕಬ್ಯಾಡ್ರಿ ಅಂದ್ರು, ಅಷ್ಟs. ಯಾರಿಗೂ ಬಂಜಿ ಅಂದಿಲ್ಲ. ನಮ್ಮ ವೈನಿಗೆ ಅಂದಿಲ್ಲ. ಆ ಮಾತು ನಂದು. ನನಗ ಉರ್ದು ಬರೂದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಕಟ್ಟೆಯ ಸುತ್ತ ಒಂದು ಸುತ್ತು ಬಂತು. ಸಂಜೆಯೊಳಗೆ ನನಗೆ "ಹತ್ತಿಕಾಳು ಮುನ್ಶಿ" ಎಂದು ಹೆಸರಾಯಿತು, ಈಗಲೂ ಊರಿಗೆ ಹೋದರೆ ಹಳಬರು ಅದರಿಂದಲೇ ಗುರುತು ಹಿಡಿಯುತ್ತಾರೆ. ಅವ್ವನೂ ಕುಷ್ಟಗಿಯ ಹೆಸರನ್ನು ಮತ್ತೆ ಎತ್ತಲಿಲ್ಲ. ಆದರೆ ಅಂದು ಬಾವಿಯ ಹತ್ತಿರ ನಗದೆ ಇದ್ದ ಮುದುಕಿಯೊಬ್ಬಳು ಮುಂದೆ ಬಂದು, "ಹಂಗಾರ ಕರಾ ಯಾಕ ಸತ್ತಿತೋ ಯಪ್ಪಾ?" ಎಂದು ಕೇಳಿದಳು.

"ನನ್ನಿಂದ" ಎಂದೆ.

ನಗು ನಿಂತಿತು. ವೈನಿ ಆಗ ತಲೆ ಎತ್ತಿ ನನ್ನನ್ನು ನೋಡಿದರು. ಕೊಡವನ್ನು ಬಾವಿಗೆ ಬಿಡುತ್ತ, "ಸರೀರಿ ಮೈದುನಾರ, ಹಾದ್ಯಾಗ ನಿಂತೀರಿ, ಮಂದಿ ನೀರು ಒಯ್ಬೇಕು" ಎಂದರು. ನಾನು ಸರಿದು ನಿಂತೆ.